ಮಿಸ್‌ಫೈರ್ ಮೀಮಾಂಸೆ, ಅಥವಾ ತೃತೀಯ ಸಿಲಿಂಡರಿನ ಅಭಾವನಿರ್ಣಯ

ಶಾಸ್ತ್ರಾರಂಭದಲ್ಲಿ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಶಿಷ್ಟಸಂಪ್ರದಾಯವಾದುದರಿಂದ, ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಜನ್ಮತಾಳಿದ, 1489 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನುಳ್ಳ ವೃದ್ಧ ಅಂಬಾಸಡರ್ ಕಾರು ಮಿಸ್ ಹೊಡೆಯುವುದೇ ಇಲ್ಲಿ ವಿಷಯವೆಂದೂ, ಮನೆ ಸೇರುವುದೇ ಪ್ರಯೋಜನವೆಂದೂ, ಕಾರಿಗೂ ಗ್ಯಾರೇಜಿಗೂ ಇರುವ ನಿತ್ಯಸಂಬಂಧವೇ ಸಂಬಂಧವೆಂದೂ, ಪ್ಲಗ್ ಸ್ಪ್ಯಾನರನ್ನೂ ವೈರಾಗ್ಯವನ್ನೂ ಏಕಕಾಲದಲ್ಲಿ ಧರಿಸಬಲ್ಲವನೇ ಅಧಿಕಾರಿಯೆಂದೂ ತಿಳಿಯತಕ್ಕದ್ದು.

ಈಗ ಲಕ್ಷಣ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂದು ತಾರ್ಕಿಕರು ಪರ್ವತವನ್ನು ತೋರಿಸಿ ಸಾಧಿಸಿದ ವ್ಯಾಪ್ತಿಯು ಸೈಲೆನ್ಸರಿನ ಬಾಯಿಯಲ್ಲಿ ಭಂಗಗೊಳ್ಳುತ್ತದೆ. ಉರಿಯದುಳಿದ ಪೆಟ್ರೋಲು ನಾರುತ್ತ ಹೊರಬೀಳುವಲ್ಲಿ ಹೊಗೆಯು ಅಗ್ನಿಯ ಇರವನ್ನಲ್ಲ, ಗೈರುಹಾಜರಿಯನ್ನು ಸಾರುತ್ತದೆಯಷ್ಟೆ. ಸಿಲಿಂಡರುಗಳು ಉರಿಯುವ ಕ್ರಮ 1-3-4-2 ಆಗಿರುವುದರಿಂದ, ಪುರುಷಾರ್ಥಗಳನ್ನು ಅವುಗಳಿಗೆ ಅನುಕ್ರಮವಾಗಿ ಹೊಂದಿಸಿದರೆ, ಮೂರನೆಯದು ಮಂಕಾದ ಕಾರು ಕಾಮವನ್ನು ತೊರೆದು ಧರ್ಮದಿಂದ ನೇರವಾಗಿ ಮೋಕ್ಷಕ್ಕೆ ನೆಗೆಯುತ್ತದೆ. ಆ ನೆಗೆತವನ್ನೇ ಒಳಗೆ ಕುಳಿತ ಅಜ್ಞರು ಕುಲುಕಾಟವೆನ್ನುವರು.

ಪೂರ್ವಪಕ್ಷಗಳು ಅನೇಕ. ಕಾರ್ಬೊರೇಟರಿನಲ್ಲಿ ಕಸ ಕೂತಿದೆಯೆಂದು ಒಂದು ಪಂಥ; 0.4 ಮಿಲಿಮೀಟರಿನಷ್ಟು ತೆರೆಯಬೇಕಾದ ಪಾಯಿಂಟು ಸುಟ್ಟು ಕರಕಲಾಗಿದೆಯೆಂದು ಎಮರಿ ಕಾಗದ ಹಿಡಿದವರ ಪಂಥ. ಕಂಡೆನ್ಸರ್ ಹೋಗಿದೆಯೆಂದು ಮತ್ತೊಂದು. ದಾರಿಯಲ್ಲಿ ಹೋಗುತ್ತ ಬಾನೆಟ್ಟಿನೊಳಗೆ ಇಣುಕಿದ ಮಹನೀಯರದು ‘ಕರೆಂಟ್ ಬರ್ತಾ ಇಲ್ಲ’ ಎಂಬ ಶಬ್ದಪ್ರಮಾಣ. ಇವೆಲ್ಲವೂ ಅಗ್ರಾಹ್ಯ. ಏಕೆಂದರೆ ಕಾರ್ಬೊರೇಟರು, ಕಾಯಿಲು, ಪಾಯಿಂಟು, ಕಂಡೆನ್ಸರುಗಳು ನಾಲ್ವರಿಗೂ ಸಾಧಾರಣವಾದುವು. ಸಾಧಾರಣ ಕಾರಣವು ಕೆಟ್ಟಲ್ಲಿ ನಾಲ್ವರೂ ನರಳಬೇಕಲ್ಲದೆ ಒಬ್ಬನೇ ತಾಳಬದ್ಧವಾಗಿ ತಪ್ಪಿಸಿಕೊಳ್ಳುವುದು ಯುಕ್ತವಲ್ಲ.

ಆದುದರಿಂದ ಸಿದ್ಧಾಂತವು ಇಂತಿದೆ. ಎಂಜಿನ್ನು ಐಡ್ಲಿಂಗಿನಲ್ಲಿರುವಾಗಲೇ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕೀಳತಕ್ಕದ್ದು. ಕಾಯಿಲು 12 ವೋಲ್ಟನ್ನು ಸಾವಿರಗಟ್ಟಲೆಗೆ ಏರಿಸುವುದರಿಂದ ಇನ್ಸುಲೇಟೆಡ್ ಇಕ್ಕಳದಿಂದಲೇ ಹಿಡಿಯತಕ್ಕದ್ದು, ಇಲ್ಲವಾದರೆ ಶಬ್ದಪ್ರಮಾಣವು ಪರೀಕ್ಷಕನ ಬಾಯಿಂದಲೇ ಹೊರಡುವುದು. ಯಾವ ತಂತಿಯನ್ನು ಕಿತ್ತಾಗ ಎಂಜಿನ್ನು ತಡವರಿಸುವುದೋ ಆ ಸಿಲಿಂಡರು ನಿರ್ದೋಷಿ. ಯಾವುದನ್ನು ಕಿತ್ತರೂ ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲವೋ ಅದೇ ಅಪರಾಧಿ. ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಒಪ್ಪಿ, ನೈಯಾಯಿಕರು ಒಪ್ಪದೆ ಬಿಟ್ಟ, ತೋರದಿರುವುದರಿಂದಲೇ ಇಲ್ಲವೆಂದು ತಿಳಿಯುವ ಅನುಪಲಬ್ಧಿಯೆಂಬ ಪ್ರಮಾಣವು ಹೀಗೆ ಗ್ರೀಸು ಮೆತ್ತಿದ ಕೈಗಳಲ್ಲಿ ಪುನಃಪ್ರತಿಷ್ಠಿತವಾಯಿತು.

ಅನಂತರ ಎಂಜಿನ್ನನ್ನು ನಿಲ್ಲಿಸಿ ಆ ಪ್ಲಗ್ಗನ್ನು ಬಿಚ್ಚಿ ನೋಡಲು, ತುದಿಯು ಕಾಫಿಪುಡಿಯ ಬಣ್ಣದ್ದಾದರೆ ಕ್ಷೇಮ, ಒಣ ಮಸಿಯಾದರೆ ಪೆಟ್ರೋಲು ಅಧಿಕ, ಎಣ್ಣೆಯಿಂದ ಜಿಗಟಾದರೆ ಪಿಸ್ಟನ್ ರಿಂಗುಗಳಿಗೆ ವಾರ್ಧಕ್ಯ. ಪಕ್ಕದ ಸಿಲಿಂಡರಿನ ಪ್ಲಗ್ಗಿನೊಡನೆ ಅದಲುಬದಲು ಮಾಡಿದಾಗ ರೋಗವೂ ಜೊತೆಯಲ್ಲಿಯೇ ವಲಸೆಹೋದರೆ ಹೊಸ ಪ್ಲಗ್ಗೊಂದು (ಹಿಂದಿನ ಕಾಲದಲ್ಲಾದರೆ ಬೆಂಗಳೂರಿನ ಆಡುಗೋಡಿಯ ಮೈಕೋ) ಪರಿಹಾರ; ಹೋಗದಿದ್ದರೆ ಕತ್ತಲಲ್ಲಿ ಬಾನೆಟ್ಟನ್ನೆತ್ತಿ, ಹಳೆಯ ತಂತಿಯ ಮೈಮೇಲೆ ನೀಲಿ ಕಿಡಿ ಹರಿಯುವುದೇ, ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ನೋಡತಕ್ಕದ್ದು; ಅಲ್ಲಿಯೂ ಇಲ್ಲವಾದರೆ ವಾಲ್ವು ಸುಟ್ಟಿರಬೇಕು, ಆ ಅಧ್ಯಾಯವು ನಿರ್ಧನರಿಗೆ ವರ್ಜ್ಯ.

ಕಿತ್ತರೂ ಯಾರಿಗೂ ಗೊತ್ತಾಗದವನೇ ದೋಷಿಯೆಂಬ ಈ ನ್ಯಾಯವನ್ನು ಸರ್ಕಾರಿ ಸಮಿತಿಗಳಿಗೂ ವಿದ್ವತ್ಪರಿಷತ್ತುಗಳಿಗೂ ವಿಸ್ತರಿಸಬೇಕೆಂದು ಕೆಲವರು ಒತ್ತಾಯಿಸಿರುವರಾದರೂ, ಅಲ್ಲಿ ನಾಲ್ಕು ತಂತಿಗಳನ್ನೂ ಕಿತ್ತ ಮೇಲೆಯೂ ಸದ್ದಿನಲ್ಲಿ ವ್ಯತ್ಯಾಸವಾಗದಿರುವ ಸಂಭವವುಂಟಾದುದರಿಂದ, ಗ್ರಂಥವಿಸ್ತರಭಯದಿಂದ ಬಿಟ್ಟಿದ್ದೇವೆ.