ಹನ್ನೆರಡು ರಾತ್ರಿ, ಒಂಬತ್ತು ಊರು, ಬರಲ್ಲ ಅನ್ನೋ ಮಗಳು

ಆ ಎಕ್ಸೆಲ್ ಶೀಟ್ ಮುಚ್ಚಬೇಡಿ, ನೋಡಿಯಾಯ್ತು. ಕೋಲ್ಕತ್ತಾದ ಬಿಬಿಡಿ ಬಾಗ್‌ನ ಬ್ಯಾಂಕುಗಳಲ್ಲಿ ಮಧ್ಯಾಹ್ನ ಒಂದೂವರೆಗೆ ಊಟ ಬಿಟ್ಟು ಕಂಪ್ಯೂಟರ್ ಮುಂದೆ ಕೂರೋರು ಎರಡೇ ಜಾತಿ. ಒಂದು ಆಡಿಟ್ ಬಂದಿರೋರು, ಇನ್ನೊಂದು ಯುರೋಪ್ ಟೂರ್ ಪ್ಲಾನ್ ಮಾಡ್ತಿರೋರು. ಆಡಿಟ್ ಆಗಿದ್ದರೆ ನಿಮ್ಮ ಮುಖ ಇಷ್ಟು ಅರಳಿರ್ತಿರಲಿಲ್ಲ ಬಿಡಿ.

ತೋರಿಸಿ, ತೋರಿಸಿ. ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಲೂಸರ್ನ್, ಮಿಲಾನ್, ವೆನಿಸ್, ಫ್ಲಾರೆನ್ಸ್, ರೋಮ್. ಒಂಬತ್ತು ಊರು, ಹನ್ನೆರಡು ರಾತ್ರಿ! (ಊರಿಗೆ ಹೋದಾಗ ತೀರ್ಥಹಳ್ಳಿಯಿಂದ ಶೃಂಗೇರಿಗೆ ಹೋಗೋಕೆ ಎರಡು ದಿನ ಯೋಚಿಸೋ ಪೈಕಿ ನೀವು.) ಅದರ ಮೇಲೆ ಊರಿಗೊಂದು ಬಣ್ಣ ಬೇರೆ. ಸಾಲ ಕಟ್ಟದವರ ಲಿಸ್ಟಿಗೂ ಇಷ್ಟು ಚಂದ ಕಲರ್ ಹಾಕಿದವರಲ್ಲ ಮಾರಾಯ್ರೆ ನೀವು.

ಯಾರಿಗೆ ಇದೆಲ್ಲ ಅಂದರೆ ಥಟ್ಟನೆ "ಮಕ್ಕಳಿಗೋಸ್ಕರ" ಅಂತೀರಿ. ಯಾವ ಮಕ್ಕಳು ಸ್ವಾಮಿ? ಮಗಳಿಗೆ ಇಪ್ಪತ್ತು, ಮಗನಿಗೆ ಹದಿನೇಳು. ಅವಳು "ನಾನು ಬರಲ್ಲ, ಇಂಟರ್ನ್‌ಶಿಪ್ ಇದೆ" ಅಂದಾಗಿದೆ. ಅವನು ಇಯರ್‌ಫೋನ್ ತೆಗೆಯದೆ "ಓಕೆ" ಅಂದಿದ್ದಾನೆ. ಆ ಓಕೆಯನ್ನ ನೀವು ಒಪ್ಪಿಗೆ ಅಂತ ದಾಖಲು ಮಾಡಿಕೊಂಡಿದ್ದೀರಿ.

ನಿಜ ಹೇಳಲಾ? ಕಳೆದ ಪೂಜಾ ರಜೆಗೆ ಪಕ್ಕದ ಸೀಟಿನ ದಾದಾ ಯುರೋಪ್ ಮುಗಿಸಿ ಬಂದರಲ್ಲ, ಅವತ್ತು ಶುರುವಾಗಿದ್ದು ಇದು. ಡೇಕರ್ಸ್ ಲೇನ್‌ನಲ್ಲಿ ಅವರು ಸ್ಟೂಗೆ ಟೋಸ್ಟ್ ಅದ್ದಿಕೊಂಡು ಆಲ್ಪ್ಸ್ ವರ್ಣನೆ ಮಾಡ್ತಿದ್ದರೆ, ನೀವು ಘುಗ್ನಿ ತಟ್ಟೆ ಹಿಡಿದು ಮನಸ್ಸಲ್ಲೇ ದೇಶ ಎಣಿಸ್ತಿದ್ರಿ. ಅವರದು ಐದು. ನಿಮ್ಮದು ಆರು ಆಗಲೇಬೇಕಿತ್ತು. ಎಣಿಸಿ ನೋಡಿ: ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ. ಸರಿಯಾಗಿ ಆರು. ಕಾಕತಾಳೀಯ ಅಂತೀರಾ?

ಸರಿ, ದುಡ್ಡಿನ ವಿಷಯಕ್ಕೆ ಬರೋಣ (ನೀವು ಅದಕ್ಕೇ ಕಾಯ್ತಿದ್ದೀರಿ, ಗೊತ್ತು). ನಿಮ್ಮ ಕಣ್ಣಿಗೆ ಅವರಿನ್ನೂ ಮಕ್ಕಳು, ಯುರೋಪಿನ ಕಣ್ಣಿಗೆ ಅಲ್ಲ. ಶೆಂಗೆನ್ ವೀಸಾಕ್ಕೆ ಆರರಿಂದ ಹನ್ನೆರಡರೊಳಗಿನ ಮಗುವಿಗೆ 45 ಯುರೋ. ಹನ್ನೆರಡು ತುಂಬಿತೋ, ನಿಮ್ಮಷ್ಟೇ 90 (2024ರ ಜೂನ್‌ನಿಂದ ಈ ರೇಟು). ಯುರೇಲ್ ಪಾಸಿನಲ್ಲಿ ದೊಡ್ಡವರ ಜೊತೆ ಫ್ರೀ ಹೋಗೋದು 11 ವರ್ಷದವರೆಗೆ ಮಾತ್ರ. ಸ್ವಿಸ್ ಫ್ಯಾಮಿಲಿ ಕಾರ್ಡೂ ಹದಿನಾರು ತುಂಬಿದ ದಿನಕ್ಕೆ ಕೈಬಿಡುತ್ತೆ.

ಇರಿ, ಅಳಬೇಡಿ. 27 ವರ್ಷದವರೆಗೆ ಯೂತ್ ಪಾಸ್ ಅಂತ ಒಂದಿದೆ, ಸ್ವಲ್ಪ ಅಗ್ಗ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ 18ರೊಳಗಿನವರಿಗೆ ಪೂರ್ತಿ ಫ್ರೀ. ಆದರೆ ನಿಮ್ಮ ಹಣೆಬರಹ ನೋಡಿ: ಫ್ರೀ ಸಿಗೋ ಮಗನಿಗೆ ಚಿತ್ರ ಅಂದರೆ ಆಕಳಿಕೆ, ಚಿತ್ರ ನೋಡೋ ಆಸೆ ಇರೋ ಮಗಳಿಗೆ ಫುಲ್ ಟಿಕೆಟ್. ಇನ್ನು ರೂಮು. "ಒಂದು ಎಕ್ಸ್‌ಟ್ರಾ ಹಾಸಿಗೆ ಹಾಕಿಸಿಕೊಂಡು ಅಡ್ಜಸ್ಟ್ ಮಾಡಿಕೊಳ್ಳೋಣ" ಅನ್ನೋ ಪುರಿ-ದೀಘಾದ ಲೆಕ್ಕ ಅಲ್ಲಿ ನಡೆಯಲ್ಲ. ನಾಲ್ಕು ಜನ ದೊಡ್ಡೋರು, ಎರಡು ರೂಮು. ಬರ್ಕೊಳ್ಳಿ.

ಈಗ ನಿಮ್ಮ ತಲೆಯಲ್ಲಿ ಎಲ್‌ಎಫ್‌ಸಿ (ಬ್ಯಾಂಕು ಕೊಡೋ ರಜೆ ಪ್ರಯಾಣದ ರಿಯಾಯಿತಿ) ಓಡ್ತಿದೆ, ಅಲ್ವಾ? ಆ ಹಳೇ ಐಡಿಯಾ! ಭಾರತದ ಒಂದು ಊರನ್ನ ಹೆಸರಿಗೆ ಹಾಕಿ, ದಾರಿಯಲ್ಲಿ ಅರ್ಧ ಪ್ರಪಂಚ ತೋರಿಸೋದು. ಸ್ಟೇಟ್ ಬ್ಯಾಂಕಿನ ಒಬ್ಬರು ಹಾಗೇ ಡೆಲ್ಲಿಯಿಂದ ಮಧುರೈ, ಅಲ್ಲಿಂದ ಕೊಲಂಬೊ, ಕೌಲಾಲಂಪುರ, ಸಿಂಗಾಪುರ, ಮತ್ತೆ ಕೊಲಂಬೊ, ಡೆಲ್ಲಿ ಅಂತ ಬಂದರು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಯ್ತು. 2022ರ ನವೆಂಬರ್‌ನಲ್ಲಿ ಕೋರ್ಟು ಹೇಳಿದ್ದಿಷ್ಟು: ರಿಯಾಯಿತಿ ಭಾರತದೊಳಗಿನ ಪ್ರಯಾಣಕ್ಕೆ, ಅದೂ ಹತ್ತಿರದ ದಾರಿಗೆ. ಫಾರಿನ್ ಸುತ್ತು ಸೇರಿಸಿದರೆ ಟ್ಯಾಕ್ಸ್ ವಿನಾಯಿತಿ ಇಲ್ಲ. ಹಾಗಾಗಿ ಕನ್ಯಾಕುಮಾರಿ ವಯಾ ರೋಮ್ ಅನ್ನೋ ಕಾಲಂ ಡಿಲೀಟ್ ಮಾಡಿ.

ಅಯ್ಯೋ, ಇದೇನು ಕೆಳಗೆ ಪೆನ್ಸಿಲ್ ಬಣ್ಣದಲ್ಲಿ ಲಂಡನ್? "ಅಷ್ಟು ದೂರ ಹೋಗಿ ಲಂಡನ್ ಬಿಟ್ಟು ಬರೋದಾ" ಅಂತ ಮನೆಯವರು ಅಂದರಾ? ಬ್ರಿಟನ್ ಶೆಂಗೆನ್‌ನಲ್ಲಿಲ್ಲ ಮಾರಾಯ್ರೆ. ಬೇರೆ ವೀಸಾ, ಬೇರೆ ಫೀಸು, ಮತ್ತೊಮ್ಮೆ ಬೆರಳಚ್ಚು. ಆದರೂ ನಿಮ್ಮ ಹತ್ತಿರ ಒಂದು ಬ್ರಹ್ಮಾಸ್ತ್ರ ಇದೆ: ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆ, 2015ರ ನವೆಂಬರ್ 14ರಂದು ಪ್ರಧಾನಿ ಅನಾವರಣ ಮಾಡಿದ್ದು. ಬಸವಣ್ಣನ ಹೆಸರು ಹೇಳಿದ ಮೇಲೆ ಯಾವ ಕನ್ನಡದವನು ಬೇಡ ಅಂತಾನೆ ಹೇಳಿ! (ಕೂಡಲಸಂಗಮಕ್ಕೆ ಹೋಗಿದ್ದೀರಾ ಅಂತ ನಾನು ಕೇಳಲ್ಲ.)

ವೀಸಾ ಫೈಲ್ ಮಾತ್ರ ನನಗೆ ಬಹಳ ಖುಷಿ ಕೊಟ್ಟ ಭಾಗ. ಇಷ್ಟು ವರ್ಷ ಕೌಂಟರಿನಾಚೆ ಕೂತು "ಒರಿಜಿನಲ್ ತನ್ನಿ, ಸೈನ್ ಮ್ಯಾಚ್ ಆಗ್ತಿಲ್ಲ, ನಾಳೆ ಬನ್ನಿ" ಅಂದವರು ನೀವು. ಈಗ ಬ್ಯಾಂಕ್ ಸ್ಟೇಟ್‌ಮೆಂಟು, ಐಟಿ ರಿಟರ್ನು, ಆಫೀಸಿನ ಎನ್‌ಒಸಿ, ಮಕ್ಕಳ ಕಾಲೇಜಿನ ಪತ್ರ, ಕನಿಷ್ಠ 30,000 ಯುರೋ ಕವರ್ ಇರೋ ಇನ್ಶೂರೆನ್ಸು ಎಲ್ಲ ಹಿಡಿದು ಕ್ಯೂನಲ್ಲಿ ನಿಲ್ಲಬೇಕು. ಎದುರಿಗೆ ನಿಮ್ಮ ಮಗಳ ವಯಸ್ಸಿನ ಹುಡುಗಿ. "ಫೋಟೋ ಸೈಜ್ ಸರಿಯಿಲ್ಲ ಸರ್." ಹೇಗಿರುತ್ತೆ?

ಅಂದ ಹಾಗೆ, ಯಾವ ದೇಶದ ವೀಸಾ ಕೇಳ್ತಿದ್ದೀರಿ? "ಅವರು ಬೇಗ ಕೊಡ್ತಾರಂತೆ, ಇವರು ಬಿಗಿಯಂತೆ" ಅಂತ ಆರಿಸೋ ಹಾಗಿಲ್ಲ. ಹೆಚ್ಚು ದಿನ ಎಲ್ಲಿ ಇರ್ತೀರೋ ಆ ದೇಶಕ್ಕೆ ಅರ್ಜಿ. ಸಮಸಮ ಇದ್ದರೆ ಮೊದಲು ಕಾಲಿಡೋ ದೇಶಕ್ಕೆ. ನಿಮ್ಮ ಶೀಟಿನಲ್ಲಿ ನಾಲ್ಕು ಊರು ಇಟಲಿಯದ್ದೇ, ಅಲ್ಲಿಗೆ ಮುಗೀತು. ಆರು ತಿಂಗಳು ಮುಂಚೆಯೇ ಹಾಕಬಹುದು. ಆದರೆ ನಿಮ್ಮ ಜಾತಕದಲ್ಲಿ ಇರೋದು ಕೊನೇ ವಾರದ ಓಡಾಟ, ಇರಲಿ.

ನಿಮ್ಮ ಈ ಹುಚ್ಚು ಹೊಸದೇನಲ್ಲ, ಸಮಾಧಾನ ಮಾಡ್ಕೊಳ್ಳಿ. ಇದೇ ಕೋಲ್ಕತ್ತಾದ ದ್ವಾರಕಾನಾಥ ಠಾಕೂರರು (ರವೀಂದ್ರರ ಅಜ್ಜ) 1842ರಲ್ಲಿ ತಮ್ಮದೇ ಸ್ಟೀಮರ್ ಹತ್ತಿ ಯುರೋಪಿಗೆ ಹೊರಟವರು. ಸ್ಟೀಮರಿನ ಹೆಸರು 'ಇಂಡಿಯಾ'. ಜೊತೆಗೆ ಸ್ವಂತ ಡಾಕ್ಟರು, ಸ್ವಂತ ಅಡುಗೆಯವನು. ಅವರೂ ನಿಮ್ಮ ಪೈಕಿಯೇ, ಬ್ಯಾಂಕಿನವರು: 1829ರ ಯೂನಿಯನ್ ಬ್ಯಾಂಕ್ ಕಟ್ಟಿದ ಮುಖ್ಯರಲ್ಲಿ ಒಬ್ಬರು. (ಎನ್‌ಒಸಿ ಕೇಳೋರು ಯಾರೂ ಇರಲಿಲ್ಲ, ಪುಣ್ಯವಂತರು.)

1845ರಲ್ಲಿ ಎರಡನೇ ಸಲ ಹೊರಟಾಗ ಹದಿಹರೆಯದ ಕಿರಿಮಗ ನಗೇಂದ್ರನಾಥನನ್ನೂ ಸೋದರಳಿಯನನ್ನೂ ಕರ್ಕೊಂಡು ಹೋದರು. ನೋಡಿದ್ರಾ, ದೊಡ್ಡ ಮಕ್ಕಳ ಜೊತೆ ಯುರೋಪ್ ಟೂರು! ಆದರೆ ಅವರು ನಿಮ್ಮ ಥರ ಊರೂರಿಗೆ ಹಾರಲಿಲ್ಲ. ಹುಡುಗರನ್ನ ಇಂಗ್ಲೆಂಡಿನಲ್ಲಿ ಓದಿಗೆ ಬಿಟ್ಟರು, ತಾವು ಪ್ಯಾರಿಸ್‌ನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಿದರು. ಅಲ್ಲಿ ದೊಡ್ಡ ಔತಣ ಕೊಟ್ಟು, ಕೋಣೆ ತುಂಬ ಕಾಶ್ಮೀರಿ ಶಾಲು ತೂಗುಹಾಕಿ, ಹೊರಡುವಾಗ ಬಂದಿದ್ದ ಹೆಂಗಸರ ಹೆಗಲಿಗೆ ಒಂದೊಂದು ಹೊದಿಸಿದರು ಅಂತ ಮ್ಯಾಕ್ಸ್ ಮುಲ್ಲರ್ ನೆನಪು ಬರೆದಿದ್ದಾರೆ. ನೀವು ಆಫೀಸಿಗೆ ಫ್ರಿಜ್ ಮ್ಯಾಗ್ನೆಟ್ ತರೋಕೆ ಡಜನ್ ರೇಟು ವಿಚಾರಿಸ್ತೀರಿ.

ಈಗ ಒಂದು ಸಣ್ಣ ಲೆಕ್ಕ, ನಿಮ್ಮದೇ ಭಾಷೆಯಲ್ಲಿ. ಹೋಟೆಲ್ ಬಿಡೋದು ಬೆಳಿಗ್ಗೆ ಹನ್ನೊಂದಕ್ಕೆ, ಇನ್ನೊಂದು ಹೋಟೆಲ್ ಬಾಗಿಲು ತೆಗೆಯೋದು ಮಧ್ಯಾಹ್ನ ಮೂರಕ್ಕೆ. ಊರು ಬದಲಾದಾಗೆಲ್ಲ ಅರ್ಧ ದಿನ ಖರ್ಚು. ಎಂಟು ಸಲ ಬದಲಾದರೆ ನಾಲ್ಕು ದಿನ ನೀವು ನೋಡಿದ್ದು ಸೂಟ್‌ಕೇಸ್ ಚಕ್ರ. ಪ್ಯಾರಿಸ್‌ನಿಂದ ಬ್ರಸೆಲ್ಸ್ ಟ್ರೇನಲ್ಲಿ ಬರೀ ಒಂದೂವರೆ ಗಂಟೆ ಅಂತ ನೀವು ಕುಣಿದಿರಿ. ಅಲ್ಲಿ ಇಳಿದು ಓಡಿ ನೋಡೋ ಉಚ್ಚೆ ಹೊಯ್ಯೋ ಹುಡುಗನ ಪ್ರತಿಮೆ ಎರಡಡಿಯೂ ಇಲ್ಲ. ಮಗ ಅದನ್ನ ನೋಡಿ ನಿಮ್ಮನ್ನ ನೋಡ್ತಾನಲ್ಲ, ಆ ನೋಟಕ್ಕೆ ಉತ್ತರ ಈಗಲೇ ರೆಡಿ ಮಾಡ್ಕೊಳ್ಳಿ.

ವೆನಿಸ್ ಅಂತೂ ಕೇಳಲೇಬೇಡಿ. ಕಾರಿಲ್ಲ, ಆಟೋ ಇಲ್ಲ. ಸೇತುವೆ ಅಂದರೆ ಮೆಟ್ಟಿಲು, ಹತ್ತಿ ಇಳಿ, ಹತ್ತಿ ಇಳಿ. ನಿಮ್ಮ ಮನೆಯವರ ಇಪ್ಪತ್ಮೂರು ಕಿಲೋ ಪೆಟ್ಟಿಗೆ (ಮಂಕಿ ಕ್ಯಾಪ್ ನಾಲ್ಕು, ಕೋಲ್ಕತ್ತಾ ಕಲಿಸಿದ್ದು) ಹೊರೋದು ಯಾರು? ಅದಕ್ಕೇ ಮಗನಿಗೆ ಟಿಕೆಟ್ ಮಾಡಿಸಿದ್ದು ಅನ್ನೋದು ಅವನಿಗೂ ಗೊತ್ತು ಬಿಡಿ.

ಮತ್ತೊಂದು ವಿಷಯ. ಹೋಗೋದು ಪ್ಯಾರಿಸ್‌ಗೆ, ಮುಗಿಯೋದು ರೋಮ್‌ನಲ್ಲಿ. ಆದರೂ ವಾಪಸ್ ಟಿಕೆಟ್ ಪ್ಯಾರಿಸ್‌ನಿಂದಲೇ ಹಾಕಿದ್ದೀರಲ್ಲ, ಯಾಕೆ? ನಾಲ್ಕು ಸಾವಿರ ಉಳೀತು ಅಂತಾನಾ? ರೋಮ್‌ನಿಂದ ಪ್ಯಾರಿಸ್‌ಗೆ ನಾಲ್ಕು ಜನ ಮತ್ತೆ ವಾಪಸ್ ಹಾರೋಕೆ ಎಷ್ಟು ಅಂತ ನೋಡಿದ್ರಾ? ಕೋಲ್ಕತ್ತಾದಿಂದ ಹೇಗೂ ದುಬೈನಲ್ಲೋ ದೋಹಾದಲ್ಲೋ ಇಳಿದು ಹತ್ತಬೇಕು. ಒಂದೇ ಟಿಕೆಟಿನಲ್ಲಿ ಈ ಕಡೆ ಪ್ಯಾರಿಸ್, ಆ ಕಡೆ ರೋಮ್ ಹಾಕೋಕೆ ಆಗುತ್ತೆ. ಬ್ಯಾಂಕಿನವರಿಗೆ ಇದನ್ನೂ ನಾನು ಹೇಳಬೇಕಾ?

ಮಕ್ಕಳನ್ನ ಒಂದು ಮಾತು ಕೇಳಿದ್ರಾ, ನಿಜವಾಗಿ? ಮಗ ಬೆಳೆದಿದ್ದು ಈ ಊರಲ್ಲಿ, ಮೋಹನ್ ಬಗಾನ್-ಈಸ್ಟ್ ಬೆಂಗಾಲ್ ಮ್ಯಾಚ್ ದಿನ ಊಟ ಬಿಡೋ ಹುಡುಗ. ಮಿಲಾನ್‌ನಲ್ಲಿ ಸಾನ್ ಸೀರೊ ಅಂತ ಸ್ಟೇಡಿಯಂ ಇದೆ, ಅಲ್ಲೂ ಹಾಗೇ ಎರಡು ಕ್ಲಬ್ಬು, ಒಂದೇ ಮೈದಾನ, ಊರಿಗೂರೇ ಎರಡು ಭಾಗ. ಅವನಿಗೆ ಇಡೀ ಯುರೋಪಿನಲ್ಲಿ ಬೇಕಾಗಿದ್ದು ಅದೊಂದೇ. ನಿಮ್ಮ ಶೀಟಿನಲ್ಲಿ ಮಿಲಾನ್ ಎದುರಿಗೆ ಏನಿದೆ? "ಒಂದು ರಾತ್ರಿ. ಬೆಳಿಗ್ಗೆ ಟ್ರೇನ್." ಮಗಳಿಗೆ ಯಾವುದಾದರೂ ಒಂದು ಸಣ್ಣ ಊರಲ್ಲಿ ನಾಲ್ಕು ದಿನ ಸುಮ್ಮನೆ ಇರಬೇಕಂತೆ, ಹತ್ತು ಗಂಟೆಗೆ ಏಳಬೇಕಂತೆ. ಅದಕ್ಕೆ ನೀವು ಕಾಲಂ ಕೂಡ ಮಾಡಿಲ್ಲ.

ಕಂಬ, ಗೋಪುರ, ಹಳೇ ಚರ್ಚು ನೋಡೋ ಆಸೆ ನಿಮಗೆ ಇಷ್ಟಿದೆಯಲ್ಲ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಟ್ರಾನ್ಸ್‌ಫರ್ ಆಗಿ ಬಂದಾಗಿನಿಂದ ದಿನಾ ಲಾಲ್ ದೀಘಿ ಕೆರೆ ದಾಟಿ ಹೋಗ್ತೀರಿ. ರೈಟರ್ಸ್ ಬಿಲ್ಡಿಂಗ್ ನೆತ್ತಿಯ ಮೇಲೆ ಮಿನರ್ವಾ ನಿಂತಿದ್ದಾಳೆ, ಯಾವತ್ತಾದರೂ ಕತ್ತೆತ್ತಿ ನೋಡಿದ್ರಾ? 1868ರ ಜಿಪಿಓ ಮೆಟ್ಟಿಲ ಮೇಲೆ ಒಂದು ಹಿತ್ತಾಳೆ ಗೆರೆ ಇದೆ, ಹಳೇ ಕೋಟೆಯ ಗೋಡೆ ಇಲ್ಲಿತ್ತು ಅಂತ. ದಿನಾ ಅದನ್ನ ತುಳಿದೇ ಸ್ಪೀಡ್ ಪೋಸ್ಟ್ ಮಾಡೋಕೆ ಹೋಗ್ತೀರಿ. ಅದೇ ಗೆರೆ ರೋಮ್‌ನಲ್ಲಿ ಇದ್ದಿದ್ದರೆ ಆನ್‌ಲೈನ್ ಟಿಕೆಟ್ ತಗೊಂಡು ಕ್ಯೂ ನಿಲ್ತಿದ್ರಿ. (ಇದನ್ನ ನೋಡಿ ಅದನ್ನ ಬಿಡಿ ಅಂತ ಹೇಳ್ತಿಲ್ಲ, ಅದು ಜಿಪುಣರ ಮಾತು.)

ಊಟದ ಬ್ಯಾಗ್ ಮರೆತೇಬಿಟ್ಟಿದ್ದೆ. ಲೇಕ್ ಮಾರ್ಕೆಟ್‌ಗೆ ಎರಡು ಸಲ ಹೋಗಿ ಬಂದಾಯ್ತಂತೆ: ಎಂಟಿಆರ್ ಪುಳಿಯೋಗರೆ ಪುಡಿ, ಚಟ್ನಿಪುಡಿ, ಅವಲಕ್ಕಿ, ಒಂದು ಸಣ್ಣ ಕುಕ್ಕರ್. ಪುಡಿಗಳೇನೋ ಸರಿ. ಆದರೆ ಆ ತುಪ್ಪದ ಡಬ್ಬಿ ತೆಗೆದಿಡಿ. ಮ್ಯೂನಿಕ್‌ನಲ್ಲಿರೋ ಭಾವಮೈದುನನಿಗೆ ಕೋರಿಯರ್ ಮಾಡೋಣ ಅಂತ ಎತ್ತಿಟ್ಟ ಸಂದೇಶ್ ಡಬ್ಬಿಯನ್ನೂ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರೋ ಹಾಗಿಲ್ಲ ಅಂತ ಯುರೋಪಿಯನ್ ಯೂನಿಯನ್ ನಿಯಮ. ಕಸ್ಟಮ್ಸ್‌ನವನ ಎದುರು ನಿಂತು "ಇದು ಪ್ರಸಾದ" ಅನ್ನೋ ಯೋಚನೆ ಇದ್ದರೆ ಅದೂ ಬೇಡ. ಸಂದೇಶ್ ಇಲ್ಲೇ ಹಂಚಿಬಿಡಿ, ನಾನಿದ್ದೀನಿ.

ಕೊನೇದಾಗಿ, ಮೊನ್ನೆ ಮಗಳು ಒಂದು ರಾಜಿ ಸೂತ್ರ ಇಟ್ಟಳಲ್ಲ. ಫ್ಲಾರೆನ್ಸ್‌ನಲ್ಲಿ ಒಂದು ದಿನ ನಾನೂ ತಮ್ಮನೂ ನಮ್ಮ ಪಾಡಿಗೆ ಸುತ್ತುತೀವಿ, ನೀವಿಬ್ಬರು ನಿಮ್ಮ ಪಾಡಿಗೆ ಇರಿ, ರಾತ್ರಿ ಊಟಕ್ಕೆ ಸೇರೋಣ, ಹಾಗಾದರೆ ಬರ್ತೀನಿ ಅಂತ. ನೀವು ಹೌಹಾರಿದಿರಿ. ಕಳ್ಳರಂತೆ, ಪಾಸ್‌ಪೋರ್ಟ್ ಹೋದರೆ ಹೇಗೆ ಅಂತ ಏನೇನೋ ಅಂದಿರಿ. ಅವಳು ಹಾಸ್ಟೆಲ್‌ನಲ್ಲಿದ್ದು ಎರಡು ವರ್ಷದಿಂದ ರಾತ್ರಿ ಟ್ರೇನಲ್ಲಿ ಒಬ್ಬಳೇ ಓಡಾಡೋ ಹುಡುಗಿ. ಕಳ್ಳರ ಭಯ ಅಲ್ಲ ಸ್ವಾಮಿ ಅದು. ಮಕ್ಕಳಿಲ್ಲದೆ, ಆಫೀಸಿಲ್ಲದೆ, ಬೆಳಿಗ್ಗೆಯಿಂದ ಸಂಜೆವರೆಗೆ ಗಂಡ-ಹೆಂಡತಿ ಇಬ್ಬರೇ ಒಂದು ಬೆಂಚಿನ ಮೇಲೆ. ಏನು ಮಾತಾಡೋದು ಅಂತ ತಾನೇ ಆ ದಿನದ ಚೌಕಕ್ಕೂ ಪೀಸಾ ಗೋಪುರ ತುರುಕಿದ್ದು?