ವಿನಂತಿಸಿಕೊಳ್ಳುವುದೇನೆಂದರೆ

ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಚಾಮರಾಜಪುರ ಮೊದಲಾದ ಹಳೆಯ ಬಡಾವಣೆಗಳಲ್ಲಿ, ಸರ್ಕಾರದ ಯಾವುದೋ ಇಲಾಖೆಯಲ್ಲಿ ಮೂರು ದಶಕಗಳಿಗೂ ಮಿಗಿಲಾಗಿ ಲೇಖನಿ ಸವೆಸಿ, ಅಧೀಕ್ಷಕ ಪದವಿಯಿಂದ ನಿವೃತ್ತರಾಗಿ, ನಿವೃತ್ತರಾದ ತರುವಾಯವೂ ಕಚೇರಿಯನ್ನು ಮನಸ್ಸಿನಿಂದ ತೆರವು ಮಾಡದೆ, ಮನೆಯ ಮುಂದಿನ ವರಾಂಡದ ಬೆತ್ತದ ಕುರ್ಚಿಯಲ್ಲಿ ಆಸೀನರಾಗಿ ನೆರೆಹೊರೆಯ ತರುಣರ ಉದ್ಯೋಗದ ಅರ್ಜಿಗಳನ್ನು ತಿದ್ದುವ ಮಹನೀಯರು ಬೀದಿಗೊಬ್ಬರಾದರೂ ಇದ್ದೇ ಇರುತ್ತಾರೆ. ನಮ್ಮ ಬೀದಿಯ ಪಾಲಿಗೆ ಬಂದವರನ್ನು ರಾಯರೆಂದು ಕರೆಯೋಣ. ಯಾರ ಮನೆಯ ಹುಡುಗನ ಕೊನೆಯ ವರ್ಷದ ಫಲಿತಾಂಶ ಬಂದಿತು, ಯಾರ ಮನೆಯ ಹುಡುಗಿ ಇದ್ದ ಕೆಲಸವನ್ನು ಬಿಡುವ ಯೋಚನೆಯಲ್ಲಿದ್ದಾಳೆ ಎಂಬಿವೇ ಮೊದಲಾದ ಗುಪ್ತ ಸಮಾಚಾರಗಳು ಆಯಾ ಮನೆಯವರಿಗಿಂತ ಮುಂಚಿತವಾಗಿಯೇ ಅವರನ್ನು ತಲುಪಿರುತ್ತವೆ. ಹಾಲಿನ ಪ್ಯಾಕೆಟ್ಟು ಹಿಡಿದು ಹೋಗುತ್ತಿರುವ ಹುಡುಗನನ್ನು ಗೇಟಿನ ಬಳಿಯೇ ತಡೆದು, "ಎಲ್ಲೆಲ್ಲಿಗೆ ಅರ್ಜಿ ಹಾಕಿದೆಯಪ್ಪ? ಕಳಿಸೋಕೆ ಮುಂಚೆ ಒಂದ್ಸಲ ನನಗೆ ತೋರಿಸಿಬಿಡು" ಎನ್ನುತ್ತಾರೆ. ಪ್ರಶ್ನೆಯಾಗಿ ಆರಂಭವಾದ ಈ ಮಾತು ಆಜ್ಞೆಯಾಗಿ ಮುಗಿಯುತ್ತದೆಂಬುದನ್ನು ಬೀದಿಯ ತರುಣರೆಲ್ಲ ಬಲ್ಲರು.

ರಾಯರ ಅಧಿಕಾರ ನಿರಾಧಾರವಾದುದೆಂದು ಹೇಳುವಂತಿಲ್ಲ. 1969ರ ಜುಲೈಯಲ್ಲಿ, ನಮ್ಮ ಕರಾವಳಿಯಲ್ಲೇ ಜನಿಸಿದ ಕೆನರಾ, ಸಿಂಡಿಕೇಟ್ ಎರಡೂ ಸೇರಿದಂತೆ 14 ಬ್ಯಾಂಕುಗಳು ರಾಷ್ಟ್ರೀಕೃತವಾಗಿ, ಬ್ಯಾಂಕಿನ ನೌಕರಿಯೆಂಬುದು ಮಧ್ಯಮವರ್ಗದ ಗೃಹಸ್ಥರ ಕಣ್ಣಿಗೆ ಸಾಯುಜ್ಯಕ್ಕೆ ಒಂದೇ ಮೆಟ್ಟಿಲು ಕೆಳಗಿನ ಪದವಿಯಾಗಿ ತೋರುತ್ತಿದ್ದ ಕಾಲದಲ್ಲಿ ಅವರು ಪದವೀಧರರಾದವರು. ಆಗ ಅರ್ಜಿ ಹಾಕಬೇಕಾದರೆ ಫೂಲ್‌ಸ್ಕೇಪ್ ಕಾಗದಕ್ಕೆ ಎಡಗಡೆ ಅಂಚು ಬಿಟ್ಟು, ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನ ಹಳೆಯ ರೆಮಿಂಗ್ಟನ್ ಯಂತ್ರದಲ್ಲಿ ಒಂದಕ್ಷರವೂ ತಪ್ಪದಂತೆ ಕುಟ್ಟಿಸಿ, ಪೋಸ್ಟಲ್ ಆರ್ಡರಿನ ಮೂಲೆಗೆ ಎರಡು ಗೆರೆಯೆಳೆದು, ಅಂಕಪಟ್ಟಿಯ ನಕಲುಗಳನ್ನು ಹಿಡಿದು ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿಯ ರುಜುವಿಗಾಗಿ ಊರೆಲ್ಲ ಅಲೆದು, ಕಟ್ಟಕಡೆಗೆ ಪಶುವೈದ್ಯರೊಬ್ಬರು ದೊರೆತರೆ, ಎತ್ತು ಎಮ್ಮೆಗಳ ಸರದಿ ಮುಗಿಯುವ ತನಕ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರಬೇಕಾಗಿತ್ತು. ಇಷ್ಟೆಲ್ಲ ತಪಸ್ಸಿನ ಫಲವಾಗಿ ಅರ್ಜಿಶಾಸ್ತ್ರವು ರಾಯರಿಗೆ ಕರತಲಾಮಲಕವಾಯಿತು. ಆದರೆ ಅವರಿಗೆ ನೌಕರಿ ಒದಗಿದ್ದು ಆ ಅರ್ಜಿಗಳಲ್ಲಿ ಯಾವೊಂದರಿಂದಲೂ ಅಲ್ಲ, ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಿದ್ದರಿಂದ ತಾನಾಗಿಯೇ ಬಂದ ಕರೆಯಿಂದ ಎಂಬ ಸಂಗತಿಯನ್ನು ಅವರ ಧರ್ಮಪತ್ನಿ ಕಾಫಿ ತಂದಿಡುವಾಗ ಒಮ್ಮೊಮ್ಮೆ ಜ್ಞಾಪಿಸುವುದುಂಟು. ರಾಯರು ಅದನ್ನು ಕಡತಕ್ಕೆ ಸೇರಿಸುವುದಿಲ್ಲ.

ಅರ್ಜಿಯ ವಿಷಯದಲ್ಲಿ ಅವರದು ದಾಸ್ಯಭಕ್ತಿಯ ಸಂಪ್ರದಾಯ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಉಲ್ಲೇಖ ಎಂಬ ಪ್ರಾಕಾರಗಳನ್ನೆಲ್ಲ ದಾಟಿದ ಮೇಲೆ, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ" ಎಂಬ ಹೆಬ್ಬಾಗಿಲು ತೆರೆಯುತ್ತದೆ. ಒಳಗೆ ಕಾಲಿಟ್ಟವರಿಗೆ ಅಭ್ಯರ್ಥಿಯ ತಂದೆಯ ಹೆಸರು, ಹುಟ್ಟೂರು, ಹೋಬಳಿ, ತಾಲ್ಲೂಕು, ರಕ್ತದ ಗುಂಪು, ವಿವಾಹಿತನೋ ಅವಿವಾಹಿತನೋ ಎಂಬ ವಿವರಗಳ ದರ್ಶನವಾಗುತ್ತದೆಯೇ ಹೊರತು ಆತನಿಗೆ ಏನು ಮಾಡಲು ಬರುತ್ತದೆಂಬ ಗರ್ಭಗುಡಿ ಎಷ್ಟು ನಡೆದರೂ ಸಮೀಪಿಸುವುದಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಅರ್ಜಿ ಹಾಕುತ್ತಿದ್ದ ತರುಣನೊಬ್ಬನ ವಿಷಯದಲ್ಲಿ ನಡೆದುದು ಇದೇ. ಅವನು ಮೊದಲ ಸಾಲಿನಲ್ಲೇ ಬರೆದಿದ್ದ ಜಾವಾ ಎಂಬುದನ್ನು ರಾಯರು, "ಭಾಷೆ ತಾನೇ?" ಎಂದು ಕೇಳಿ, ಹೌದೆನ್ನಿಸಿಕೊಂಡು, ಮೂರನೆಯ ಪುಟದಲ್ಲಿ ಕನ್ನಡ, ತೆಲುಗುಗಳ ಪಂಕ್ತಿಗೆ ಸೇರಿಸಿ, ಓದಲು ಮತ್ತು ಬರೆಯಲು ಮಾತ್ರ ಬರುತ್ತದೆ, ಮಾತನಾಡಲು ಬಾರದು ಎಂದು ಷರಾ ಹಾಕಿಸಿದರು.

ಹಾಗೆಂದು ತರುಣರು ತಾವಾಗಿ ಬರೆದು ತರುವ ಸ್ವವಿವರವು ಇದಕ್ಕಿಂತ ಮೇಲಾಗಿರುತ್ತದೆಂದು ನಾನು ಹೇಳಲಾರೆ. ರಾಯರದು ದೈನ್ಯವಾದರೆ ಇವರದು ಬಿರುದಾವಳಿ. ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ನೋಡಿದವರಿಗೆ ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ ಎಂಬ ಮೆರವಣಿಗೆ ಪರಿಚಿತವೇ. ಇಂದಿನ ಬಿಕಾಂ ಪದವೀಧರನೂ ಸ್ವಯಂಪ್ರೇರಿತ, ಪರಿಶ್ರಮಶೀಲ, ಸಮೂಹದಲ್ಲಿ ಬೆರೆಯಬಲ್ಲವ, ಸವಾಲುಗಳನ್ನು ಪ್ರೀತಿಸುವವ ಎಂದು ಅದೇ ಠೀವಿಯಿಂದ ಪ್ರವೇಶಿಸುತ್ತಾನೆ. ಶಾಸನದ ಕವಿಗೂ ಇವನಿಗೂ ಇರುವ ಅಂತರವೆಂದರೆ, ಆತ ಬಿರುದುಗಳನ್ನು ಹಾಡಿ ದಣಿದ ತರುವಾಯ ದತ್ತಿಯ ಭೂಮಿ ಇಂತಿಷ್ಟು ಮತ್ತರು, ಅಳೆದ ಕೋಲು ಇಂಥದು, ಮೂಡಲು ಕೆರೆಯ ಏರಿ, ತೆಂಕಲು ಹೆದ್ದಾರಿ ಎಂದು ಲೆಕ್ಕ ಒಪ್ಪಿಸಿಯೇ ಮುಗಿಸುತ್ತಿದ್ದ. ಬಿರುದು ಅತಿಶಯೋಕ್ತಿಯೆಂದು ಎಲ್ಲರಿಗೂ ಗೊತ್ತಿತ್ತು. ಅಂದಿನ ಒಕ್ಕಲಿಗೂ ಇಂದಿನ ಇತಿಹಾಸಕಾರನಿಗೂ ಬೇಕಾದದ್ದು ಆ ಅಳತೆ. ಉದ್ಯೋಗದಾತನೂ ಅದೇ ಜಾತಿಯ ಪ್ರಾಣಿ. ನೂರಾರು ಸ್ವವಿವರಗಳ ರಾಶಿಯ ಮುಂದೆ ಕುಳಿತು ಒಂದೊಂದನ್ನೂ ಕ್ಷಣಮಾತ್ರ ನೋಡಿ ಪಕ್ಕಕ್ಕೆ ಸರಿಸುವ ಆತನ ಕಣ್ಣಿಗೆ ಪರಿಶ್ರಮಶೀಲರೆಲ್ಲ ಒಂದೇ ಬಣ್ಣವಾಗಿ ಕಾಣುತ್ತಾರೆ. ಇತ್ತೀಚೆಗಂತೂ ದೊಡ್ಡ ಕಂಪನಿಗಳಲ್ಲಿ ಮೊದಲ ಓದುಗ ಮನುಷ್ಯನೇ ಅಲ್ಲ. ಜಾಹೀರಾತಿನಲ್ಲಿ ಕೇಳಿದ ಮಾತು ಅರ್ಜಿಯಲ್ಲಿ ಇದೆಯೋ ಇಲ್ಲವೋ ಎಂದು ಜಾಲಿಸುವ ತಂತ್ರಾಂಶವೊಂದು ದ್ವಾರಪಾಲಕನಾಗಿ ನಿಂತಿರುತ್ತದೆ. ಅಲಂಕಾರದ ಚೌಕಟ್ಟು, ಎರಡು ಅಂಕಣಗಳ ವಿನ್ಯಾಸ ಮೊದಲಾದುವನ್ನು ಕಂಡರೆ ಅದು ಕಕ್ಕಾಬಿಕ್ಕಿಯಾಗುವುದೂ ಉಂಟು. ಸವಿನಯಕ್ಕಂತೂ ಅದು ಕರಗುವುದೇ ಇಲ್ಲ.

ರಾಯರ ಕೆಂಪು ಪೆನ್ಸಿಲ್ಲು ಒಮ್ಮೆ ಮಾತ್ರ ಸರಿಯಾದ ಜಾಗಕ್ಕೆ ತಗುಲಿದ ಪ್ರಸಂಗವನ್ನು ಹೇಳದಿದ್ದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಸಾಗರದ ಕಡೆಯ ಸಹಕಾರ ಸಂಘವೊಂದರಲ್ಲಿ ಕೆಲಸ ಮಾಡಿ, ಬೆಂಗಳೂರಿನಲ್ಲಿ ಲೆಕ್ಕಪತ್ರದ ನೌಕರಿ ಹುಡುಕುತ್ತ ನಮ್ಮ ಬೀದಿಯ ಚಿಕ್ಕಮ್ಮನ ಮನೆಗೆ ಬಂದಿಳಿದಿದ್ದ ಹುಡುಗಿಯೊಬ್ಬಳು ಗೇಟಿನ ಬಳಿ ಸಿಕ್ಕಿಬಿದ್ದಳು. ಅವಳ ಒಂದು ಪುಟದ ಸ್ವವಿವರದಲ್ಲಿ, ಬಿರುದುಗಳು ಕಳೆದ ಮೇಲೆ, ಲೆಕ್ಕಪತ್ರ ನಿರ್ವಹಣೆಯ ಹೊಣೆ ಹೊತ್ತಿದ್ದೆ ಎಂಬ ಒಂದೇ ಸಾಲಿತ್ತು.

"ಲೆಕ್ಕ ಅಂದ್ರೆ ಯಾವ ಲೆಕ್ಕಮ್ಮ?"

"ಸದಸ್ಯರ ಸಾಲದ ಲೆಕ್ಕ ಅಂಕಲ್."

"ಎಷ್ಟು ಜನ ಸದಸ್ಯರು?"

"ಸಾವಿರದ ಇನ್ನೂರು ಚಿಲ್ಲರೆ. ನಾನು ಸೇರಿದಾಗ ಎಲ್ಲ ಲೆಡ್ಜರಲ್ಲಿತ್ತು. ನಾನೇ ಟ್ಯಾಲಿಗೆ ಹತ್ತಿಸಿದೆ. ಎಂಟು ತಿಂಗಳು ಹಿಡೀತು."

"ತಾಳೆ ಆಯ್ತೋ?"

"ಮೊದಲು ಆಗಲಿಲ್ಲ. ಹಳೇ ಲೆಡ್ಜರಲ್ಲೇ ಮೂವತ್ತೊಂದು ಖಾತೆಗೆ ಬಡ್ಡಿ ತಪ್ಪು ಹಾಕಿದ್ರು. ಹುಡುಕಿ ಸರಿಮಾಡಿದ ಮೇಲೆ ಆಯ್ತು. ಆ ವರ್ಷ ಆಡಿಟ್‌ನಲ್ಲಿ ಒಂದೂ ಆಕ್ಷೇಪಣೆ ಬರಲಿಲ್ಲ."

ರಾಯರು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತರು. ಆಕ್ಷೇಪಣೆಯಿಲ್ಲದ ಆಡಿಟ್ಟೆಂಬುದು ಅವರ ಸುದೀರ್ಘ ಸೇವಾವಧಿಯಲ್ಲಿ ಅವರ ಶಾಖೆಗೆ ಒಮ್ಮೆಯೂ ಒಲಿಯದ ಸೌಭಾಗ್ಯವಾಗಿತ್ತು.

"ಇದನ್ನೆಲ್ಲ ಯಾಕಮ್ಮ ಬರೆದಿಲ್ಲ?"

"ದಿನಾ ಮಾಡೋ ಕೆಲಸ ಅಲ್ವಾ ಅಂಕಲ್, ಅದನ್ನೇನು ಬರೆಯೋದು ಅಂತ."

ಜಗತ್ತಿನ ಸ್ವವಿವರಗಳಲ್ಲಿ ಬರೆಯದೆ ಉಳಿದುಹೋದ ಅರ್ಹತೆಗಳೆಲ್ಲ ಬಹುಶಃ ಈ ಒಂದು ಮಾತಿನಡಿಯಲ್ಲೇ ಹೂತಿವೆ. ರಾಯರು ಮರುಮಾತಿಲ್ಲದೆ ಆ ಒಂಟಿ ಸಾಲನ್ನು ಹೊಡೆದುಹಾಕಿ, ಸದಸ್ಯರ ಸಂಖ್ಯೆ, ತಿಂಗಳುಗಳ ಲೆಕ್ಕ, ಮೂವತ್ತೊಂದು ಖಾತೆ, ಆಡಿಟ್ಟು, ಇಷ್ಟನ್ನೂ ಎರಡು ವಾಕ್ಯಗಳಲ್ಲಿ ಅಡಕಮಾಡಿ ಪುಟದ ತಲೆಯಲ್ಲಿ ಬರೆದರು. ಅಲ್ಲಿಗೆ ನಿಲ್ಲಿಸಿದ್ದರೆ ಅವರು ರಾಯರಾಗುತ್ತಿರಲಿಲ್ಲ. ಕೂಡಲೇ ಜೊತೆಗಿನ ಪತ್ರವನ್ನು ಕೈಗೆತ್ತಿಕೊಂಡರು. ತಮ್ಮ ಸಂಸ್ಥೆಯ ಹಳೆಯ ಲೆಕ್ಕಗಳನ್ನು ಕಂಪ್ಯೂಟರಿಗೆ ವರ್ಗಾಯಿಸಬಲ್ಲವರು ಬೇಕೆಂದು ಜಾಹೀರಾತಿನಲ್ಲಿದೆ, ಅದೇ ಕೆಲಸವನ್ನು ತಾನು ಒಮ್ಮೆ ಮಾಡಿ ಮುಗಿಸಿದ್ದೇನೆ, ಅಲ್ಲಿ ಏನೇನು ತೊಡಕು ಬರುತ್ತದೆಂದು ಬಲ್ಲೆ ಎಂದು ಅವಳು ಐದಾರು ಸಾಲು ಬರೆದಿದ್ದಳು. ನನ್ನ ಅಭಿಪ್ರಾಯದಲ್ಲಿ ಅಂಥ ಪತ್ರಕ್ಕೆ ಒಂದು ಅಲ್ಪವಿರಾಮವನ್ನು ಸೇರಿಸುವುದೂ ದಂಡ. ರಾಯರಿಗೆ ಅದು ಬೆತ್ತಲೆಯಾಗಿ ತೋರಿತು. ಮೇಲೆ ಉಲ್ಲೇಖ ಸೇರಿತು, ನಡುವೆ ಸವಿನಯ ಸೇರಿತು, ತಮ್ಮ ವಿಧೇಯಳು ಎಂಬುದು ಕೆಳಗೆ ಬಂದಿತು, ತಂದೆಯ ಹೆಸರು, ಭಾವಚಿತ್ರ, ಸಂಗೀತ ಕೇಳುವುದೆಂಬ ಹವ್ಯಾಸ ಇವೆಲ್ಲ ಯಥಾಸ್ಥಾನದಲ್ಲಿ ನೆಲೆಗೊಂಡವು. ಕಟ್ಟಕಡೆಗೆ, ಮೇಲೆ ತಿಳಿಸಿದ ವಿವರಗಳೆಲ್ಲ ತನಗೆ ತಿಳಿದಮಟ್ಟಿಗೆ ಸತ್ಯವೆಂದೂ ಯಾವುದನ್ನೂ ಮರೆಮಾಚಿಲ್ಲವೆಂದೂ ಈ ಮೂಲಕ ಪ್ರಮಾಣೀಕರಿಸುತ್ತೇನೆಂಬ ಘೋಷಣೆ, ಅದರಡಿಯಲ್ಲಿ ಸ್ಥಳ, ದಿನಾಂಕ, ರುಜು. ಪ್ರಮಾಣವಾಕ್ಯವಿಲ್ಲದ ಅರ್ಜಿಯನ್ನು ನಂಬುವ ಮೂಢ ಯಾವ ಕಚೇರಿಯಲ್ಲಿಯೂ ಇರಲಾರನೆಂಬುದು ರಾಯರ ಅಚಲ ಸಿದ್ಧಾಂತ. ಸುಳ್ಳು ಬರೆಯುವವನಿಗೆ ಇದೊಂದು ಸುಳ್ಳನ್ನು ಕೊನೆಗೆ ಸೇರಿಸುವುದೇನೂ ಕಷ್ಟವಲ್ಲವೆಂದು ಅವರಿಗೆ ಯಾರೂ ಹೇಳಿದವರಿಲ್ಲ.

ಹುಡುಗಿ ಪ್ರತಿಯೊಂದು ತಿದ್ದುಪಡಿಗೂ "ಹೂಂ ಅಂಕಲ್" ಎಂದಳು. ಮನೆಗೆ ಹೋಗಿ, ತಲೆಯ ಎರಡು ವಾಕ್ಯಗಳನ್ನು ಉಳಿಸಿಕೊಂಡು, ಮಿಕ್ಕ ತಿದ್ದುಪಡಿಗಳನ್ನೂ ಅವುಗಳ ಜೊತೆಗೆ ತನ್ನವೇ ಆದ ಬಿರುದುಗಳನ್ನೂ ಅಳಿಸಿ, ಒಂದೇ ಪುಟವನ್ನು ಪಿಡಿಎಫ್ ಮಾಡಿ, ತನ್ನ ಪತ್ರವನ್ನು ಇದ್ದಂತೆಯೇ ಜೊತೆಗಿಟ್ಟು ಮಿಂಚಂಚೆಯಲ್ಲಿ ಕಳಿಸಿದಳು. ಸಂದರ್ಶನದಲ್ಲಿ ಅವಳನ್ನು ಕೇಳಿದ್ದೆಲ್ಲ ಆ ಮೂವತ್ತೊಂದು ಖಾತೆಗಳ ವಿಚಾರವನ್ನೇ ಅಂತೆ. ಕೆಲಸ ಸಿಕ್ಕಿತು.

ಮೈಸೂರುಪಾಕಿನ ಡಬ್ಬಿ ಹಿಡಿದು ಬಂದವಳನ್ನು ಕಂಡು ರಾಯರ ಮುಖ ಅರಳಿತು. "ನಾನು ಹೇಳಲಿಲ್ಲವೇನಮ್ಮ? ಕೊನೆಯಲ್ಲಿ ಆ ಪ್ರಮಾಣವಾಕ್ಯ ಇತ್ತು ನೋಡು, ಅದನ್ನು ಓದಿಯೇ ಅವರಿಗೆ ನಂಬಿಕೆ ಹುಟ್ಟಿದ್ದು."

"ಹೂಂ ಅಂಕಲ್" ಎಂದು ಅವಳು ಡಬ್ಬಿಯ ಮುಚ್ಚಳ ತೆಗೆದಳು.

ಅಂದಿನಿಂದ ನಮ್ಮ ಬೀದಿಯಿಂದ ಹೊರಡುವ ಅರ್ಜಿಗಳಲ್ಲಿ ಆ ಪ್ರಮಾಣವಾಕ್ಯವು ಆದಿಯಲ್ಲೊಮ್ಮೆ, ಅಂತ್ಯದಲ್ಲೊಮ್ಮೆ, ದಪ್ಪಕ್ಷರಗಳಲ್ಲಿ ಇರತಕ್ಕದ್ದೆಂದು ರಾಯರು ವಿಧಿಸಿದ್ದಾರೆ.