ಫೋನ್ ಒಗ್ಗಿಸುವ ಹುಡುಗ

ಬೆಂಗಳೂರಿನಿಂದ ರಜೆಗೆ ಕರಿಕೆಗೆ ಬರುವ ಈ ಹುಡುಗನ ಕಣ್ಣಿಗೆ ಬಿದ್ದ ಫೋನು ಉಳಿಯುವುದಿಲ್ಲ. “ಕೊಡಿ, ನಿಮಗೆ ಬೇಕಾದ ಹಾಗೆ ಮಾಡಿಕೊಡ್ತೇನೆ” ಎನ್ನುತ್ತಾನೆ. ಏನು ಬೇಕೆಂದು ಮಾತ್ರ ಕೇಳುವುದಿಲ್ಲ.

ಪರದೆಯನ್ನು ಬಳಸುವವರಿಗೆ ಒಗ್ಗಿಸುವುದೇ ಅವನ ಕಸುಬು. ಅದಕ್ಕೊಂದು ಶಾಸ್ತ್ರವೂ ಇದೆ: ಬಳಸುವವರ ವಯಸ್ಸು, ಭಾಷೆ, ಅಭ್ಯಾಸಗಳನ್ನು ಒಂದು ಮಾದರಿಯಾಗಿ ಬರೆದುಕೊಂಡು, ಹೀಗಿದ್ದರೆ ಹಾಗೆ ಮಾಡು ಎಂಬ ನಿಯಮಗಳನ್ನು ಕಟ್ಟುವುದು. ಪೀಟರ್ ಬ್ರುಸಿಲೋವ್‌ಸ್ಕಿ 1996ರಲ್ಲೇ ಇದರ ವಿಧಾನಗಳನ್ನು ವಿಂಗಡಿಸಿ ಬರೆದಿದ್ದಾರೆ. ಅಡಿಕೆ ಸುಲಿಯುವವರ ನಡುವೆ ಕೂತು ಹುಡುಗ ಇದನ್ನೆಲ್ಲ ವಿವರಿಸುತ್ತಾನೆ. ಕೈಯಲ್ಲಿ ಕೆಲಸ ಇರುವುದರಿಂದ ಯಾರೂ ಎದ್ದು ಹೋಗುವಂತಿಲ್ಲ.

ಅಜ್ಜಿಯ ಫೋನಿಗೆ ತಾನೇ ಬರೆದ ಆ್ಯಪ್ ಹಾಕಿದ. ಅರವತ್ತು ದಾಟಿದವರಿಗೆ ದೊಡ್ಡ ಅಕ್ಷರ ಎಂಬ ನಿಯಮಕ್ಕೆ ಅರ್ಧ ಗುಂಡಿಗಳು ಪರದೆಯ ಕೆಳಗೆ ಜಾರಿದವು. ಭಾಷೆಯನ್ನು ಟವರ್ ನೋಡಿ ಆರಿಸುವಂತೆ ಮಾಡಿದ್ದ. ಕರಿಕೆ ಗಡಿಯ ಊರು, ಆಚೆಯ ಪಾಣತ್ತೂರು ಕಾಸರಗೋಡಿನದು. ತೋಟದ ಮೇಲ್ಗಡೆ ನಿಂತರೆ ಕನ್ನಡ, ಕೆಳಗಿಳಿದರೆ ಮಲಯಾಳ! ಅಜ್ಜಿ ಅರೆಭಾಷೆ, ಮಲಯಾಳ ಎರಡನ್ನೂ ಸಲೀಸಾಗಿ ಆಡುತ್ತಾರೆ, ಓದಲು ಬರುವುದು ಕನ್ನಡ ಮಾತ್ರ. ಮಾದರಿಯಲ್ಲಿ ಭಾಷೆಗೆ ಇದ್ದದ್ದು ಒಂದೇ ಖಾನೆ.

ನಿಜವಾದ ಫಜೀತಿ ಮೂರನೆಯ ನಿಯಮದ್ದು. ಬಳಸದ ಗುಂಡಿ ತಾನಾಗಿ ಮರೆಯಾಗಬೇಕು. ಮೈಕ್ರೋಸಾಫ್ಟ್ ತನ್ನ ಆಫೀಸ್ 2000ರಲ್ಲಿ ಇದನ್ನೇ ಮಾಡಿ, ಜನ ಮೆನುವಿನೊಳಗೆ ತಡಕಾಡುವಂತಾದದ್ದನ್ನು ಅವನೇ ನಕ್ಕು ಹೇಳಿದ್ದ. ಬೇಸಿಗೆಯಲ್ಲಿ ಅಜ್ಜಿ ಟಾರ್ಚ್ ಮುಟ್ಟಲಿಲ್ಲ, ಗುಂಡಿ ಮಾಯವಾಯಿತು. ಜೂನಿನಲ್ಲಿ ಮಳೆ ಹಿಡಿಯಿತು, ಕರೆಂಟು ಹೋಯಿತು. ಕತ್ತಲಲ್ಲಿ ಪರದೆ ತಿಕ್ಕಿದ ಅಜ್ಜಿ ಮರುದಿನ ಫೋನಿನಲ್ಲಿ ಕೇಳಿದ್ದು ಇಷ್ಟೇ: “ಮಳೆಗಾಲ ಬರ್ತದೇಂತ ಇದಕ್ಕೆ ಗೊತ್ತಿಲ್ವಾ ಮಗಾ?”

ಹುಡುಗನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಈ ಬರಹಗಾರನ ಫೋನಿನ ಗಡಿಯಾರವನ್ನು ಮಾಯ ಮಾಡಿದಾಗ ಚೆನ್ನಾಗಿಯೇ ನಿದ್ದೆ ಮಾಡಿದ್ದ, ಅದಿರಲಿ. ಆದರೂ ಅವನನ್ನು ಬೈಯಲು ಮನಸ್ಸಾಗುವುದಿಲ್ಲ. ಉಳಿದ ಮೊಮ್ಮಕ್ಕಳು ಹಬ್ಬಕ್ಕೊಂದು ಶುಭಾಶಯದ ಚಿತ್ರ ಕಳಿಸಿ ಮುಗಿಸುತ್ತಾರೆ. ಇವನು ಬಸ್ಸಿಳಿದು ಬಂದು ಜಗಲಿಯಲ್ಲಿ ಕೂರುತ್ತಾನೆ. ಒಂದೊಂದು ಮುದಿ ಫೋನಿನ ನೆಪದಲ್ಲಿ ಗಂಟೆಗಟ್ಟಲೆ ಮಾತು, ಮಧ್ಯೆ ಕಾಫಿ, ಊರಿನ ಎಲ್ಲ ಸುದ್ದಿ.

ಈಗೀಗ ಏನು ಬೇಕೆಂದು ಕೇಳಲೂ ಕಲಿತಿದ್ದಾನೆ. ಈ ಸಲ ಬರುವಾಗ ನಾಲ್ಕು ಪುಟದ ಪ್ರಶ್ನಾವಳಿ ತಂದಿದ್ದ. ಅಜ್ಜಿ ಎಲ್ಲದಕ್ಕೂ ಹೌದೆಂದರು.